ಎಸ್.ಪಿ. ರೋಡಿನ ಹಿಂದಿನ ಓಣಿಗಳು

ಫೋನಿನ ಮ್ಯಾಪಿನಲ್ಲಿ ನಾವು ಓಡಾಡಿದ ಜಾಗಗಳ ದಾಖಲೆ ಇರುತ್ತಲ್ಲ, ಅದನ್ನೊಮ್ಮೆ ತೆರೆದು ನೋಡಿ. ನನ್ನ ಆರು ತಿಂಗಳ ಲೆಕ್ಕ ಹೀಗಿದೆ: ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್‌ಗೆ ಒಂದು ದಪ್ಪ ಗೆರೆ, ಏರ್‌ಪೋರ್ಟಿಗೆ ಎರಡು ತೆಳು ಗೆರೆ, ಊರಿನ ಬಸ್ಸು ಹಿಡಿಯಲು ಮೆಜೆಸ್ಟಿಕ್‌ಗೆ ಒಂದು. ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದೀನಿ ಅಂತ ಹೇಳಿಕೊಳ್ಳುವವನ ಬೆಂಗಳೂರು ಇಷ್ಟೇ. ವಾರಾಂತ್ಯ ಬಂದರೆ ಆಫೀಸ್ ಗ್ರೂಪಿನಲ್ಲಿ ಕೊಡಗು, ಚಿಕ್ಕಮಗಳೂರು, ಗೋಕರ್ಣದ ಚರ್ಚೆ. ನೆಲಮಂಗಲ ದಾಟೋ ಹೊತ್ತಿಗೆ ಅರ್ಧ ಉತ್ಸಾಹ ಇಳಿದಿರುತ್ತೆ, ಅದು ಬೇರೆ ಮಾತು.

ಈ ಸಲ ನಾನು ಒಬ್ಬನೇ ಊರೊಳಗೇ ಪ್ರವಾಸ ಹೋದೆ. ಪೇಟೆಗೆ. ನಮ್ಮ ಜನಕ್ಕೆ ಪೇಟೆ ಅಂದರೆ ಎಸ್.ಪಿ. ರೋಡು. ಎಂಜಿನಿಯರಿಂಗ್ ಓದಿದವರಲ್ಲಿ ಪ್ರಾಜೆಕ್ಟಿಗೆ ಸೆನ್ಸರ್, ಮೋಟರ್, ವೈರು ತರೋಕೆ ಅಲ್ಲಿಗೆ ಹೋಗದವರು ಕಡಿಮೆ. ಹೋಗೋದು, ಚೌಕಾಸಿ ಮಾಡೋದು, ಬಸ್ ಹತ್ತೋದು. ಪಕ್ಕದ ಓಣಿಗೆ ಕಾಲಿಟ್ಟವರು ಎಷ್ಟು ಜನ?

ಹೋಗುವವರಿಗೆ ಒಂದು ಮಾತು: ಭಾನುವಾರ ಬೇಡ, ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಶನಿವಾರ ಹೋಗಿ. ಕಾರು, ಬೈಕು ಎರಡೂ ಬೇಡ. ಕುಂದಲಹಳ್ಳಿಯಲ್ಲಿ ನೇರಳೆ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ ಆದಮೇಲೆ ಬರೋದೇ ಮಾರ್ಕೆಟ್ಟು. ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸೇವಂತಿಗೆ ರಾಶಿ, ಕೂಗಾಟ, ಕಾಲಡಿಯಲ್ಲಿ ಕೊಳೆತ ಸೊಪ್ಪು. ಮೂಗಿಗೆ ಎರಡೂ ವಾಸನೆ ಒಟ್ಟಿಗೇ ಬರುತ್ತೆ, ಸಿದ್ಧರಾಗಿರಿ.

ಮಾರ್ಕೆಟ್ಟಿನ ಪಕ್ಕದಲ್ಲೇ ಕೋಟೆ. ಅಥವಾ ಕೋಟೆಯಲ್ಲಿ ಉಳಿದ ಒಂದು ತುಂಡು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಇದರ ಗೋಡೆ ಒಡೆದು ನುಗ್ಗಿತ್ತು. ಈಗ ಅದರ ಮುಂದೆ ಆಟೋ ಸ್ಟ್ಯಾಂಡು. ಒಳಗೆ ಹೋಗಿ ಹತ್ತು ನಿಮಿಷ ನಿಂತರೆ ಹೊರಗಿನ ಹಾರನ್ ಅರ್ಧಕ್ಕರ್ಧ ಕಡಿಮೆಯಾಗುತ್ತೆ. ಕಲ್ಲು ಅಷ್ಟು ದಪ್ಪ.

ಅಲ್ಲಿಂದ ಉತ್ತರಕ್ಕೆ ಅವೆನ್ಯೂ ರೋಡು, ಅಂದರೆ ಹಳೆಯ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ಬೆನ್ನುಮೂಳೆ ಇದು. ಅಡ್ಡಲಾಗಿ ಹೋಗೋದು ಚಿಕ್ಕಪೇಟೆ. ಸುತ್ತಲಿನ ಹೆಸರುಗಳನ್ನು ನೋಡಿ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ನಮ್ಮ ಕೋಡ್ ರಿವ್ಯೂನಲ್ಲಿ ಹೇಳ್ತೀವಲ್ಲ, ಫಂಕ್ಷನ್ ಹೆಸರು ನೋಡಿದರೆ ಅದರ ಕೆಲಸ ಗೊತ್ತಾಗಬೇಕು ಅಂತ, ಹಾಗೆ ಇಟ್ಟ ಹೆಸರುಗಳು. ಆಮೇಲೆ ಒಳಗಿನ ಕೋಡ್ ಬದಲಾಯಿತು, ಹೆಸರು ಹಾಗೇ ಉಳಿಯಿತು. ಬಳೇಪೇಟೆಯಲ್ಲಿ ಈಗ ತಬಲಾ, ಹಾರ್ಮೋನಿಯಂ ಸಿಗುತ್ತೆ.

ನಗರ್ತಪೇಟೆ ದಾಟಿ ತಿಗಳರಪೇಟೆಗೆ ಬಂದರೆ ಧರ್ಮರಾಯನ ದೇವಸ್ಥಾನ. ಕರಗ ಹೊರಡುವ ಜಾಗ. ಟೀವಿಯಲ್ಲಿ ಪ್ರತಿ ಚೈತ್ರದಲ್ಲೂ ನೋಡಿದ್ದೆ, ಆದರೆ ಇಷ್ಟು ಇಕ್ಕಟ್ಟಿನ ಬೀದಿ ಅಂತ ಅಂದುಕೊಂಡಿರಲಿಲ್ಲ. ಎರಡು ಸ್ಕೂಟರ್ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ಇಂಥ ಓಣಿಗಳಲ್ಲೇ ಹುಣ್ಣಿಮೆ ರಾತ್ರಿ ಕರಗ ಸಾಗುತ್ತೆ, ಕತ್ತಿ ಹಿಡಿದ ವೀರಕುಮಾರರ ನಡುವೆ, ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತೆ. ದೇವಸ್ಥಾನದ ಹತ್ತಿರ ಒಬ್ಬ ಹೋಲ್‌ಸೇಲ್ ವ್ಯಾಪಾರಿ ಫೋನಿನಲ್ಲಿ ಮಾರವಾಡಿ, ಮೂಟೆ ಇಳಿಸುವವನ ಜತೆ ತಮಿಳು, ನನ್ನ ಜತೆ ಕನ್ನಡ ಮಾತಾಡಿದರು. ಮೂರೂ ಒಂದೇ ಉಸಿರಲ್ಲಿ. ನಮ್ಮ ಟೆಕ್ ಪಾರ್ಕಿನ ಲಿಫ್ಟಿನಲ್ಲಿ ಕನ್ನಡ ಮಾತಾಡೋಕೆ ನಾನು ಆಚೀಚೆ ನೋಡ್ತೀನಿ.

ಎಸ್.ಪಿ. ರೋಡು ಬಂತು. ಈ ಸಲ ಅಂಗಡಿಗಳ ಕಡೆ ತಿರುಗದೆ ಅಡ್ಡ ದಾಟಿ ಕಬ್ಬನ್‌ಪೇಟೆಗೆ ಹೋದೆ. ಪಾರ್ಕಿಗೆ ಹೆಸರು ಕೊಟ್ಟ ಕಮಿಷನರ್ ಕಬ್ಬನ್ನೇ ಇದಕ್ಕೂ ಹೆಸರು ಕೊಟ್ಟಿರೋದು. ಆದರೆ ಪಾರ್ಕು ಎಲ್ಲರಿಗೂ ಗೊತ್ತು, ಪೇಟೆ ಯಾರಿಗೂ ಬೇಡ. ಒಂದು ಓಣಿಯಲ್ಲಿ ಖಟಖಟ ಶಬ್ದ. ಜನರೇಟರ್ ಅಂದುಕೊಂಡು ಬಾಗಿಲಲ್ಲಿ ಇಣುಕಿದರೆ ಮಗ್ಗ! ನೆಲಮಾಳಿಗೆಯಂಥ ಕೋಣೆಯಲ್ಲಿ ಎರಡು ಪವರ್‌ಲೂಮ್, ಒಂದರ ಮೇಲೆ ಬಟ್ಟೆ ಹೊದಿಸಿತ್ತು. ಇನ್ನೊಂದರಲ್ಲಿ ಹಸಿರು ರೇಷ್ಮೆ ಸೀರೆ ಬೆರಳಗಲ ಬೆರಳಗಲ ಬೆಳೀತಾ ಇತ್ತು. ಅರವತ್ತು ದಾಟಿದ ಯಜಮಾನರು ತುಂಡಾದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ ಗಂಟು ಹಾಕುತ್ತಿದ್ದರು. ನಾನು ನಿಂತಿದ್ದು ನೋಡಿ ಬೆಲ್ಟು ಆಫ್ ಮಾಡಿದರು.

"ಎಲ್ಲಿಂದ ಬಂದ್ರಿ?"

"ಮಾರತ್ತಹಳ್ಳಿ."

"ಓ, ಅಷ್ಟು ದೂರ! ಅಲ್ಲಿಗೆ ನಾನು ಹೋಗೇ ಇಲ್ಲ. ನನ್ನ ಮಗ ಹೋಗ್ತಾನೆ, ಯಾವುದೋ ಕಂಪನೀಲಿ ರಾತ್ರಿ ಶಿಫ್ಟು."

ಬಟ್ಟೆ ಹೊದಿಸಿದ ಮಗ್ಗ ಮಗನದು. ಅವನು ನಡೆಸುತ್ತಿದ್ದಾಗ ಎರಡೂ ಓಡುತ್ತಿದ್ದವಂತೆ. ಮಾರಿಬಿಡಬಹುದಲ್ಲ ಅಂದೆ. "ಗುಜರಿಗೆ ತೂಕದ ಲೆಕ್ಕದಲ್ಲಿ ಕೇಳ್ತಾರೆ. ಕಬ್ಬಿಣದ ರೇಟು ಹೇಳ್ತಾರೆ ಸ್ವಾಮಿ, ಮಗ್ಗದ ರೇಟಲ್ಲ" ಅಂದರು. ಮಗನ ಮೇಲೆ ಬೇಸರ ಇರಲಿಲ್ಲ. ತಿಂಗಳ ಒಂದನೇ ತಾರೀಕಿಗೆ ಸಂಬಳ ಬರುತ್ತೆ, ಅದೇ ಒಳ್ಳೇದು ಅಂತಲೇ ಹೇಳಿದರು. ಬೆಳಿಗ್ಗೆ ಮಗ ಬಂದು ಮಲಗಿದಮೇಲೆ ಇವರು ಮಗ್ಗ ಶುರು ಮಾಡೋದು ಹತ್ತು ಗಂಟೆಗೆ, ಅವನ ನಿದ್ದೆ ಸ್ವಲ್ಪ ಗಟ್ಟಿಯಾಗಲಿ ಅಂತ.

ಆ ಮನೆಯಿಂದ ನಮ್ಮ ಆಫೀಸಿಗೆ ದಿನಾ ಒಂದು ಗೆರೆ ಹೋಗಿ ಬರುತ್ತೆ. ನನ್ನ ಮ್ಯಾಪಿನಲ್ಲಿ ಕಾಣದ ಗೆರೆ. ಕ್ಯಾಬಿನ ಡ್ರಾಪ್ ಲಿಸ್ಟಿನಲ್ಲಿ ಕಬ್ಬನ್‌ಪೇಟೆ ಅಂತ ಎಷ್ಟೋ ಸಲ ಓದಿದ್ದೀನಿ. ಯಾರೋ ಕಬ್ಬನ್ ಪಾರ್ಕಿನ ಹತ್ತಿರ ಇರೋ ದುಡ್ಡಿನ ಕುಳ ಅಂತ ತಮಾಷೆ ಮಾಡ್ತಿದ್ದೆವು.

ಹೊರಡುವಾಗ ಅವರು ಕೇಳಿದರು, "ನಿಮ್ಮ ಕಡೆ ನೋಡೋಕೆ ಏನಿದೆ? ರಜೆ ಇದ್ದಾಗ ಮಗ ಕರ್ಕೊಂಡು ಹೋಗ್ತೀನಿ ಅಂತಾನೆ." ಮಾಲ್ ಅನ್ನೋಕೆ ಬಾಯಿ ಬರಲಿಲ್ಲ. ವರ್ತೂರು ಕೆರೆ ಇದೆ ಅಂದೆ. ಆಮೇಲೆ ನೆನಪಾಗಿ ಬೇಗೂರಿನ ಹೆಸರನ್ನೂ ಹೇಳಿದೆ. ನಮ್ಮ ಕಡೆ ಅಂತ ಪೂರ್ತಿ ಹೇಳೋಕಾಗಲ್ಲ, ಹೊಸೂರು ರಸ್ತೆಯ ಪಕ್ಕ, ಎಲೆಕ್ಟ್ರಾನಿಕ್ ಸಿಟಿಗೆ ಹೋಗೋರು ದಿನಾ ಹಾದು ಹೋಗುವ ಜಾಗ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 1,100 ವರ್ಷ ಹಳೆಯ ಶಾಸನವೊಂದಿದೆ, ಬೆಂಗಳೂರು ಅನ್ನೋ ಹೆಸರು ಅದರಲ್ಲೇ ಇದೆ. "ಕೆಂಪೇಗೌಡ್ರಿಗಿಂತ ಮುಂಚೆಯೇ?" ಅಂತ ಅವರು ಹುಬ್ಬೇರಿಸಿದರು. ಆ ಶಾಸನವನ್ನು ನಾನೂ ಫೋಟೋದಲ್ಲಷ್ಟೇ ನೋಡಿರೋದು. ಮುಂದಿನ ಶನಿವಾರ ಅಲ್ಲಿಗೆ ಹೋಗೋದು ಅಂತ ಇಟ್ಟುಕೊಂಡಿದ್ದೀನಿ. ಸಿಲ್ಕ್ ಬೋರ್ಡ್ ದಾಟೋಕೆ ಎಷ್ಟು ಹೊತ್ತಾಗುತ್ತೋ ನೋಡಬೇಕು.