ಜಪಾನ್ ಬಂಡಿ, ಬಿಡದಿಯ ಕೈ

ವಿಜಯವಾಡದ ಒನ್ ಟೌನಿನಲ್ಲಿ ಬಾಡಿಗೆ ಚಾಲಕರೊಬ್ಬರು ತಮ್ಮ ಇನ್ನೋವಾವನ್ನು ‘ಜಪಾನ್ ಬಂಡಿ’ ಎಂದು ಹೊಗಳಿದರು. ನಮ್ಮ ಬಿಡದಿಯದು ಎಂದೆ; ನಂಬಲಿಲ್ಲ.

ಮಗ್ಗದ ಯಂತ್ರಗಳಿಂದ ಹೆಸರಾದ ತೊಯೊಡಾ ಮನೆತನ 1937ರಲ್ಲಿ ಟೊಯೊಟಾ ಕಾರು ಸಂಸ್ಥೆಯನ್ನು ಕಟ್ಟಿತು. ಕಿರ್ಲೋಸ್ಕರ್ ಸಮೂಹದೊಡನೆ 1997ರಲ್ಲಿ ಕಂಪನಿ ಹೂಡಿ, 2000ದಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರತಂದಿತು. ಚೆಲುವಿನ ಗಾಡಿಯೆಂದು ಯಾರೂ ಹೇಳಲಾರರು. ದುಡಿಮೆಗೆ ಮಾತ್ರ ಸೋಲದು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಚಾಲಕರ ನಂಬಿಕೆಯೂ ಜೊತೆಗೇ ದಾಟಿತು.

ಆ ನಂಬಿಕೆಯಲ್ಲಿ ದುಡಿದ ಕೈಗಳಿಗೆ ಪಾಲು ಸಂದಿಲ್ಲವೆಂಬುದೇ ನನ್ನ ತಕರಾರು. 2020ರ ನವೆಂಬರಿನಲ್ಲಿ, ಸಹೋದ್ಯೋಗಿಯ ಅಮಾನತಿನಿಂದ ಹೊತ್ತಿದ ಮುಷ್ಕರದಲ್ಲಿ, ಬಿಡದಿಯ ಕಾರ್ಮಿಕರು ಕೆಲಸದ ಹೊರೆಯ ಮಾತೆತ್ತಿದರು. ಕಾರ್ಖಾನೆಗೆ ಬೀಗ ಬಿತ್ತು. ‘ಕರ್ನಾಟಕದ ಕಾರು’ ಎಂದು ಬೀಗುವ ಹೊರನಾಡಿಗರಾದ ನಾವು ಆ ಸುದ್ದಿಯನ್ನು ಪೂರ್ತಿ ಓದಿದಂತೆಯೂ ಕಾಣೆ. ನಾನೂ ಓದಿರಲಿಲ್ಲ.