ಮೊದಲ ಸುದ್ದಿ ಊರಿನದೇ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ಕಾಯಿಲೆಯಿಂದ ಪಟ್ಟ ಪಾಡನ್ನು ಮರೆಯಲಾಗದು. ಹಳೆಯ ಲಸಿಕೆಯೂ ಈಗಿಲ್ಲ. ಕಾಯಿಲೆಯ ಮುನ್ಸೂಚನೆಯಾದ ಸತ್ತ ಮಂಗ ಮೊದಲು ಕಣ್ಣಿಗೆ ಬೀಳುವುದು ದರಗು ತರಲು, ದನ ಅರಸಲು ಹೋದವರಿಗೆ, ಪ್ರಯೋಗಾಲಯಕ್ಕಲ್ಲ. ಅವರು ಹೆಣ ಮುಟ್ಟದೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಕಾಯಿಲೆ ಹರಡುವ ಸುತ್ತಲಿನ ಉಣುಗುಗಳಿಗೆ ಔಷಧ ಹೊಡೆಯಲು ಸಮಯ ಸಿಗುತ್ತದೆ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಕೊಟ್ಟು ಸಹಿ ಹಾಕಿಸಿಕೊಂಡರೆ ಆರೋಗ್ಯ ಇಲಾಖೆಯ ಕೆಲಸ ಮುಗಿಯದು. ವಾಸನೆಗೋ ಜಿಡ್ಡಿಗೋ ಬೇಸತ್ತು ಜನ ಅದನ್ನು ಅಟ್ಟಕ್ಕೇರಿಸಿದ್ದರೆ, ಕಾರಣ ಕೇಳುವ ವ್ಯವಧಾನ ಬೇಕು. ಮಳೆಗಾಲ ಮುಗಿಯುತ್ತಿದ್ದಂತೆ, ನವೆಂಬರಿನಲ್ಲೇ ಪಂಚಾಯಿತಿ ಗ್ರಾಮಸಭೆ ಕರೆದು, ಯಾರು ಯಾವ ಕಾಡಿಗೆ ಹೋಗುತ್ತಾರೆ ಎಂಬುದನ್ನು ಊರವರಿಂದಲೇ ಬರೆಸಿಕೊಳ್ಳಲಿ.