ದೊಡ್ಡ ಆಟಗಾರ ಒಳ್ಳೆಯ ಕೋಚ್ ಆಗಲಾರನೇ?

‘ದಾಖಲೆ ಮಾಡಿದ ಆಟಗಾರ ಕೋಚ್ ಆದರೆ ತಂಡ ಮುಳುಗಿದ ಹಾಗೆಯೇ’ ಎಂಬ ಮಾತು ವಾಟ್ಸಾಪಿನಲ್ಲಿ ಆಗಾಗ ಸುತ್ತುತ್ತದೆ. ‘ದೊಡ್ಡ ಆಟಗಾರರ ಹೆಸರಿರುವ ಅಕಾಡೆಮಿಗೇ ಮಕ್ಕಳನ್ನು ಸೇರಿಸಿ’ ಎಂಬ ಜಾಹೀರಾತೂ ಅದೇ ಗುಂಪಿಗೆ ಬರುತ್ತದೆ. ಎರಡೂ ಒಟ್ಟಿಗೆ ನಿಜವಾಗಲಾರವು! ಯಗಟಿಯಿಂದ ಮಗಳನ್ನು ಬೆಂಗಳೂರಿಗೆ ಕ್ರಿಕೆಟ್ ತರಬೇತಿಗೆ ಕಳಿಸಲು ಯೋಚಿಸುವ ಮನೆಯವರಿಗೆ ಇದು ತಮಾಷೆಯ ವಿಷಯವಲ್ಲ. ಫೀಸು, ಹಾಸ್ಟೆಲ್, ಓದು ಎಲ್ಲವೂ ಇದರ ಮೇಲೆ ನಿಂತಿರುತ್ತವೆ. ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದವರು. ಹೀಗಿರುವಾಗ ಆಸೆ ಹುಟ್ಟುವುದು ಸಹಜ.

ಮೊದಲ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕೆಲಸ ಕೈಗೆ ಪಳಗಿದಷ್ಟೂ ಅದನ್ನು ಬಾಯಲ್ಲಿ ಹೇಳುವುದು ಕಷ್ಟ. ರೊಟ್ಟಿ ತಟ್ಟುವ ಅಜ್ಜಿಗೆ ‘ನೀರು ಎಷ್ಟು?’ ಎಂದು ಕೇಳಿ ನೋಡಿ. ಅಮೆರಿಕದ ಮನೋವಿಜ್ಞಾನಿ ಸಿಯಾನ್ ಬೈಲಾಕ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಷ್ಟೇ ಹೊಡೆದ ಹೊಡೆತದ ವಿವರವನ್ನು ಪಳಗಿದ ಗಾಲ್ಫ್ ಆಟಗಾರರು ಹೊಸಬರಿಗಿಂತ ಕಡಿಮೆ ನೆನಪಿಟ್ಟಿದ್ದರು. ಕೆನಡಾದ ಐಸ್ ಹಾಕಿ ದಂತಕಥೆ ವೇಯ್ನ್ ಗ್ರೆಟ್ಸ್‌ಕಿ 2005ರಿಂದ 2009ರವರೆಗೆ ಕೋಚ್ ಆಗಿದ್ದರೂ ಅವರ ತಂಡ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ.

ಆದರೆ ಇಲ್ಲೊಂದು ಮೋಸವಿದೆ. ಗ್ರೆಟ್ಸ್‌ಕಿ ಸೋತರೆ ಜಗತ್ತಿಗೇ ಗೊತ್ತಾಗುತ್ತದೆ. ಹೆಸರಿಲ್ಲದ ಆಟಗಾರ ಕೋಚ್ ಆಗಿ ಸೋತರೆ ಯಾರಿಗೂ ನೆನಪಿರುವುದಿಲ್ಲ. ನಮ್ಮ ಲೆಕ್ಕಕ್ಕೆ ದೊಡ್ಡವರ ಸೋಲು ಮಾತ್ರ ಸಿಗುತ್ತದೆ.

ಇನ್ನು ನಮ್ಮ ರಾಹುಲ್ ದ್ರಾವಿಡ್ ಅವರನ್ನೇ ನೋಡಿ. 164 ಟೆಸ್ಟ್, 13,288 ರನ್. ಎದುರಿಸಿದ ಎಸೆತಗಳು 31,258. ಟೆಸ್ಟ್‌ನಲ್ಲಿ ಇಷ್ಟು ಚೆಂಡು ಎದುರಿಸಿದವರು ಬೇರೆ ಇಲ್ಲ. 2012ರಲ್ಲಿ ನಿವೃತ್ತರಾದ ಅವರು ನೇರವಾಗಿ ದೊಡ್ಡ ಕುರ್ಚಿಗೆ ಹೋಗಲಿಲ್ಲ. 2015ರಿಂದ ಅಂಡರ್-19 ಮತ್ತು ಭಾರತ ‘ಎ’ ತಂಡಗಳ ಹುಡುಗರ ಜೊತೆ ಕೆಲಸ ಮಾಡಿದರು. ಎಳೆಯ ವಯಸ್ಸಿನಲ್ಲಿ ‘ಎ’ ಪ್ರವಾಸಕ್ಕೆ ಹೋಗಿ ಆಡಲು ಅವಕಾಶ ಸಿಗದ ನೋವು ಅವರಿಗೆ ಗೊತ್ತಿತ್ತು. ಹಾಗಾಗಿ ತಮ್ಮ ಜೊತೆ ಬಂದ ಯಾರೂ ಒಂದು ಪಂದ್ಯವನ್ನೂ ಆಡದೆ ಮರಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದರು. ನನ್ನ ಮಟ್ಟಿಗೆ 13,288ಕ್ಕಿಂತ ಈ ಒಂದು ನಿಯಮವೇ ಅವರ ಕೋಚಿಂಗ್ ಬಗ್ಗೆ ಹೆಚ್ಚು ಹೇಳುತ್ತದೆ.

2016ರ ಅಂಡರ್-19 ಫೈನಲ್ ಸೋತರು, 2018ರಲ್ಲಿ ಕಪ್ ಗೆದ್ದರು. ಆಗ ಮಂಡಳಿ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಘೋಷಿಸಿತ್ತು. ಅವರು ಒಪ್ಪಲಿಲ್ಲ, ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. (ಈ ಫಾರ್ವರ್ಡ್ ನಿಜ, ಧಾರಾಳವಾಗಿ ಹಂಚಿ.) 2021ರಲ್ಲಿ ಹಿರಿಯರ ತಂಡದ ಕೋಚ್ ಆದರು. 2023ರಲ್ಲಿ ಎರಡು ಫೈನಲ್ ಸೋಲು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ 7 ರನ್‌ಗಳಿಂದ ಟಿ20 ವಿಶ್ವಕಪ್. ಕೊನೆಯ ಓವರ್ ಬೇರೆ ಥರ ಆಗಿದ್ದರೆ ಇದೇ ಕೋಚ್ ಮೇಲೆ ಬೇರೆ ಫಾರ್ವರ್ಡ್ ಬರುತ್ತಿತ್ತು.

619 ವಿಕೆಟ್‌ಗಳ ಅನಿಲ್ ಕುಂಬ್ಳೆ ಅವರ ಕಾಲದಲ್ಲಿ 17 ಟೆಸ್ಟ್‌ಗಳಲ್ಲಿ ಸೋತಿದ್ದು ಒಂದೇ. ಆದರೂ ನಾಯಕನ ಜೊತೆ ಹೊಂದಾಣಿಕೆ ಆಗದೆ 2017ರಲ್ಲಿ, ಒಂದೇ ವರ್ಷಕ್ಕೆ, ರಾಜೀನಾಮೆ ಕೊಟ್ಟರು. ಅಲ್ಲಿ ತೊಂದರೆ ಆದದ್ದು ಆಟದ ಜ್ಞಾನದ್ದಲ್ಲ.

ಹಾಗಾಗಿ ಅಕಾಡೆಮಿ ನೋಡಲು ಹೋದಾಗ ಬೋರ್ಡಿನ ಮೇಲಿನ ಫೋಟೋ ಬಿಡಿ. ಫೋಟೋದಲ್ಲಿರುವವರು ವಾರಕ್ಕೆ ಎಷ್ಟು ದಿನ ಮೈದಾನಕ್ಕೆ ಬರುತ್ತಾರೆ, ದಿನವೂ ಕಲಿಸುವವರು ಯಾರು, ಒಬ್ಬರಿಗೆ ಎಷ್ಟು ಮಕ್ಕಳು, ಎಲ್ಲರಿಗೂ ಪಂದ್ಯ ಆಡಲು ಸಿಗುತ್ತದೆಯೇ ಎಂದು ಕೇಳಿ. ಹಳೆಯ ವಿದ್ಯಾರ್ಥಿಗಳ ಮನೆಯವರ ಹತ್ತಿರವೂ ಅರ್ಧ ಗಂಟೆ ಮಾತಾಡಿ, ಆಮೇಲೆ ಫೀಸು ಕಟ್ಟಿ.